ದುಗ್ಗಮ್ಮನ ಊರಿನ ಹೆಣ್ಣುಹೆಸರುಗಳು

ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ. ಹಂದರಗಂಬದ ಪೂಜೆಯಾಗಿ ಊರಿಗೆ ಸಾರು ಹಾಕಿದ ಮೇಲೆ ಹಳೇ ದಾವಣಗೆರೆಯ ಓಣಿ ಓಣಿಗೂ ನೆಂಟರು ಬಂದಿಳಿಯುತ್ತಾರೆ. ಲಗ್ನವಾಗಿ ಹೋದ ಹೆಣ್ಣುಮಕ್ಕಳು ಮಕ್ಕಳುಮರಿ ಕಟ್ಟಿಕೊಂಡು ತವರಿಗೆ ಬಂದು ದೇವಿಗೆ ಉಡಿ ತುಂಬುತ್ತಾರೆ. ಹರಕೆ ಹೊತ್ತವರು ಬೇವಿನುಡುಗೆ ಉಡುತ್ತಾರೆ, ದೀಡು ನಮಸ್ಕಾರ ಹಾಕುತ್ತಾರೆ. ದೇವಸ್ಥಾನದ ಫಲಕದಲ್ಲಿ, ಜಾತ್ರೆಯ ಕರಪತ್ರದಲ್ಲಿ ಆಕೆ ಶ್ರೀ ದುರ್ಗಾಂಬಿಕಾ ದೇವಿ. ಜನರ ಬಾಯಲ್ಲಿ ಮಾತ್ರ ದುಗ್ಗಮ್ಮ. ಬೆಂಗಳೂರಿನಿಂದ ರಜೆ ಹಾಕಿ ಬಂದವರೂ ‘ದುಗ್ಗಮ್ಮನ ಹಬ್ಬಕ್ಕೆ ಬಂದೀವಿ’ ಎನ್ನುತ್ತಾರೆಯೇ ಹೊರತು ದುರ್ಗಾಂಬಿಕೆಯ ಹೆಸರು ಎತ್ತುವುದಿಲ್ಲ.

ದೇವಿಯನ್ನು ಇಷ್ಟು ಸಲಿಗೆಯಿಂದ ಕರೆಯುವ ಊರಿನಲ್ಲಿ, ಆಕೆಯ ಹೆಸರನ್ನೇ ಹೊತ್ತ ಎಳೆಯ ಹುಡುಗಿ ಸಿಗುವುದು ಈಗ ಬಲು ಅಪರೂಪ. ಎಪ್ಪತ್ತು ದಾಟಿದವರಲ್ಲಿ ದುಗ್ಗಮ್ಮ, ದುಗ್ಗವ್ವ ಇದ್ದಾರೆ. ಅವರ ಹೆಣ್ಣುಮಕ್ಕಳಲ್ಲಿ ದುರ್ಗಮ್ಮ, ದುರ್ಗಾ ಆದವರಿದ್ದಾರೆ. ಮೊಮ್ಮಕ್ಕಳ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಸುಳಿವೇ ಇರುವುದಿಲ್ಲ. ಹರಿಹರದಲ್ಲಿಯೂ ಕಥೆ ಇದೇ. ಅಜ್ಜಿಯ ಹೆಸರು ಹಳ್ಳಿಯದು, ಒರಟು, ಶಾಲೆಯಲ್ಲಿ ನಗುತ್ತಾರೆ ಎಂಬ ಅಂಜಿಕೆ ಐವತ್ತು ಅರವತ್ತು ವರ್ಷದಲ್ಲಿ ಈ ಸೀಮೆಯ ಹೆಣ್ಣುಹೆಸರುಗಳನ್ನು ಬುಡಮಟ್ಟ ಬದಲಿಸಿಬಿಟ್ಟಿತು.

ಒರಟು ಎಂಬ ಮಾತಿಗೆ ಇತಿಹಾಸದ ಒಪ್ಪಿಗೆ ಇಲ್ಲ. ಗಂಗರ ಅರಸು ಇಮ್ಮಡಿ ಶಿವಮಾರನ ತಮ್ಮನ ಹೆಸರು ದುಗ್ಗಮಾರ. ಅರಮನೆಯಲ್ಲಿ ಹುಟ್ಟಿದವನಿಗೆ ‘ದುಗ್ಗ’ ಎಂಬ ರೂಪ ಕಡಿಮೆ ಅನ್ನಿಸಿರಲಿಲ್ಲ. ಜೇಡರ ದಾಸಿಮಯ್ಯನ ಹೆಂಡತಿ ದುಗ್ಗಳೆ ಸ್ವತಃ ವಚನಕಾರ್ತಿ. ನೇಯ್ಗೆಯ ಮನೆಯ ಆ ಶರಣೆಯ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಹಾಗೆಯೇ ಉಳಿದಿದೆ, ಯಾರೂ ಅದನ್ನು ದುರ್ಗಾದೇವಿ ಎಂದು ತಿದ್ದಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನದಲ್ಲಿ ಬರುವ ಜಕ್ಕಿಯಬ್ಬೆ ಹತ್ತನೇ ಶತಮಾನದ ಮೊದಲ ಭಾಗದಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನವನ್ನೇ ನಡೆಸಿದವಳು. ಅದೇ ಶತಮಾನದ ಕೊನೆಗೆ ರನ್ನನಿಗೆ ಆಶ್ರಯ ಕೊಟ್ಟು ‘ಅಜಿತಪುರಾಣ’ ಬರೆಸಿದವಳು ಅತ್ತಿಮಬ್ಬೆ. ಅಬ್ಬೆ, ಅವ್ವೆ, ಅಕ್ಕ ಎಂದು ಮುಗಿಯುವ ಹೆಸರುಗಳಿಗೆ ಆಗ ಅಧಿಕಾರವಿತ್ತು, ದಾನ ಕೊಡುವ ಕೈಯಿತ್ತು. ಕಲ್ಯಾಣದ ಶರಣೆಯರ ಪಟ್ಟಿ ತೆರೆದರೆ ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ, ಕದಿರೆ ರೆಮ್ಮವ್ವೆ, ಅಮುಗೆ ರಾಯಮ್ಮ, ಸೂಳೆ ಸಂಕವ್ವೆ ಎಂದು ಮೂವತ್ತಕ್ಕೂ ಹೆಚ್ಚು ಹೆಸರುಗಳು ಸಾಲಾಗಿ ಬರುತ್ತವೆ. ಇವತ್ತು ಹಳೇಪೇಟೆಯ ಕಟ್ಟೆಯ ಮೇಲೆ ಕೂತ ಲಕ್ಕಮ್ಮ, ರಾಯಮ್ಮ, ಸಂಕಮ್ಮರ ಹೆಸರುಗಳು ಆ ಸಾಲಿನವೇ.

ದಾವಣಗೆರೆ ನಗರವಾಗಿ ಬೆಳೆದದ್ದು ಈಚೆಗೆ. ಬೇತೂರಿನ ಒಂದು ಅಂಚಿನ ಹಳ್ಳಿಯಾಗಿದ್ದ ಅದನ್ನು ಹೈದರಾಲಿ ಅಪ್ಪೋಜಿರಾವ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ನೆಲೆ ಮಾಡಿಸಿದ. ಹರಿಹರ ಹಾಗಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಅಲ್ಲಿ ಹರಿಹರೇಶ್ವರ ದೇಗುಲ ಕಟ್ಟಿಸುವ ಹೊತ್ತಿಗೇ ಅದು ಕ್ಷೇತ್ರ. ಒಂದು ಪೇಟೆ, ಒಂದು ಕ್ಷೇತ್ರ. ಎರಡರ ಸುತ್ತಲೂ ಮಠಗಳು, ಗದ್ದುಗೆಗಳು, ಜಾತ್ರೆಗಳು. ಇಲ್ಲಿನ ಹೆಣ್ಣುಮಕ್ಕಳ ಹೆಸರು ಬಂದದ್ದು ಈ ಜಾತ್ರೆಗಳ ದಾರಿಯಿಂದ.

ಕೊಟ್ರಮ್ಮ ಎಂಬ ಹೆಸರು ಕೇಳಿದರೆ ಆ ಮನೆಯವರು ಕೊಟ್ಟೂರು ಬಸವೇಶ್ವರನ ಒಕ್ಕಲು ಎಂದು ಕಣ್ಣುಮುಚ್ಚಿ ಹೇಳಬಹುದು. ತೇರಿನ ಹೊತ್ತಿಗೆ ದಾವಣಗೆರೆಯಿಂದ ಕೊಟ್ಟೂರಿಗೆ ಈಗಲೂ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಹಾಲಮ್ಮ ಬಂದದ್ದು ಹೊನ್ನಾಳಿ ಸೀಮೆಯ ರಾಂಪುರದ ಹಾಲಸ್ವಾಮಿ ಮಠದಿಂದ. ಕರಿಬಸಮ್ಮ, ಅಜ್ಜಮ್ಮ ಎಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ, ತುಂಗಭದ್ರೆಯ ದಂಡೆಯ ಮೇಲಿನ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ, ಅಮಾವಾಸ್ಯೆಯ ಆ ಜನಜಂಗುಳಿ. ಉಚ್ಚೆಂಗೆಮ್ಮ ಉಚ್ಚಂಗಿಯ ಪಾಂಡ್ಯರ ಕೋಟೆಯ ಮೇಲೆ ನೆಲೆ ನಿಂತ ದೇವಿಯ ಹೆಸರು. ಮರುಳಮ್ಮನಲ್ಲಿ ಮರುಳಸಿದ್ಧನಿದ್ದಾನೆ, ಮೈಲಮ್ಮನಲ್ಲಿ ಮೈಲಾರಲಿಂಗ. ತುಂಗಮ್ಮ, ಭದ್ರಮ್ಮ, ಗಂಗಮ್ಮರಲ್ಲಿ ಹೊಳೆ. ಒಂದು ಓಣಿಯ ಅಜ್ಜಿಯರ ಹೆಸರು ಬರೆದುಕೊಂಡರೆ ಸುತ್ತಲಿನ ಐದಾರು ತಾಲ್ಲೂಕಿನ ನಕ್ಷೆ ತಾನಾಗಿ ಮೂಡುತ್ತದೆ. ಇಷ್ಟು ಖಚಿತವಾಗಿ ನೆಲವನ್ನು ಹೇಳುವ ಶಕ್ತಿ ಈಗಿನ ಹೆಸರುಗಳಲ್ಲಿ ಯಾವುದಕ್ಕೂ ಇಲ್ಲ. ದೆಹಲಿಯಲ್ಲಿ, ಪುಣೆಯಲ್ಲಿ, ದಾವಣಗೆರೆಯಲ್ಲಿ ಒಂದೇ ಸಮ ಕೇಳಿಸುವ ಹೆಸರು ಹುಡುಗಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈ ನಕ್ಷೆ ಒಂದು ಧರ್ಮದ್ದಷ್ಟೇ ಅಲ್ಲ. ಹರಿಹರದ ಮುಸ್ಲಿಂ ಮೊಹಲ್ಲಾಗಳಲ್ಲಿ ಹಿರಿಯ ಹೆಂಗಸರು ಫಾತಿಮಾಬಿ, ಬೀಬಿಜಾನ್. ಮೊಮ್ಮಕ್ಕಳ ಹೆಸರಿನಿಂದ ಆ ‘ಬಿ’ ಕಳಚಿಕೊಂಡಿದೆ. ಸಂತ ಸೇವಾಲಾಲರ ಹುಟ್ಟೂರೆಂದು ಬಂಜಾರರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇದೇ ಜಿಲ್ಲೆಯಲ್ಲಿದೆ. ಸುತ್ತಲಿನ ತಾಂಡಾಗಳಲ್ಲಿ ಸೀತಾಬಾಯಿ, ರುಕ್ಮಿಣಿಬಾಯಿಯರ ‘ಬಾಯಿ’ಯೂ ಅದೇ ದಾರಿ ಹಿಡಿದಿದೆ. ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ಸೆಪ್ಟೆಂಬರ್ ತಿಂಗಳಲ್ಲಿ ಬರುವ ಜನಸಾಗರದಲ್ಲಿಯೂ ಮರಿಯಮ್ಮ ಎಂದು ಕರೆಸಿಕೊಳ್ಳುವವರು ವಯಸ್ಸಾದವರೇ.

ಹರಕೆಯ ಹೆಸರುಗಳ ಬೆನ್ನಿಗೇ ನೋವಿನ ಹೆಸರುಗಳಿವೆ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಕಣ್ಣು ಮುಚ್ಚಿದ ಮನೆಯಲ್ಲಿ ಮುಂದಿನ ಮಗುವಿಗೆ ತಿಪ್ಪಮ್ಮ, ಗುಂಡಮ್ಮ, ಹುಚ್ಚಮ್ಮ, ಕಲ್ಲಮ್ಮ ಎಂದು ಕರೆಯುತ್ತಿದ್ದರು. ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಳ್ಳುವ ಪದ್ಧತಿಯೂ ಇತ್ತು. ಬೇಡದ ವಸ್ತು ಎಂದು ಸಾವು ಕಣ್ಣು ಹಾಕದೆ ಹೋಗಲಿ ಎಂಬುದು ತಾಯಿಯ ಲೆಕ್ಕ. ತಿಪ್ಪಮ್ಮರೆಲ್ಲ ಹೀಗೆ ಬಂದವರಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರ ಮನೆಯ ತಿಪ್ಪಮ್ಮರೂ ಇದ್ದಾರೆ, ಯಾರು ಯಾವ ಬಗೆಯವರು ಎಂಬುದು ಮನೆಯವರಿಗೇ ಗೊತ್ತು. ಸಾಕಮ್ಮನ ಹೆಸರಿನಲ್ಲಿ ಇನ್ನೊಂದು ಬಗೆಯ ಸಂಕಟ: ಹೆಣ್ಣು ಇಷ್ಟಕ್ಕೆ ಸಾಕು ಎಂದು ಇಟ್ಟ ಹೆಸರು. ಅಂಥ ಹೆಸರು ಹೊತ್ತ ಒಬ್ಬಾಕೆ ಏನಾದಳು ನೋಡಿ. ಕಾಫಿ ತೋಟಗಳ ಒಡತಿಯಾಗಿ, ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತ ಮೊದಲ ಮಹಿಳೆಯರಲ್ಲಿ ಒಬ್ಬರಾದವರು ದೊಡ್ಡಮನೆ ಸಾಕಮ್ಮ. ಅವರ ಕಾಲದಲ್ಲಿ ‘ಸಾಕಮ್ಮ’ ಎಂದರೆ ಮನೆಮನೆಯಲ್ಲಿ ಒಳ್ಳೆಯ ಕಾಫಿ ಎಂದೇ ಅರ್ಥ.

ದಾವಣಗೆರೆ–ಹರಿಹರದ ಹೆಸರುಗಳಿಗೆ ಇನ್ನೊಂದು ವಿಶೇಷವಿದೆ, ಅದನ್ನು ಬರೆದದ್ದು ಗಡಿರೇಖೆ. 1956ರ ನವೆಂಬರ್ 1ರವರೆಗೆ ಹರಿಹರದ ಬಳಿ ತುಂಗಭದ್ರೆಯೇ ಎರಡು ರಾಜ್ಯಗಳ ಗಡಿ. ಈಚೆ ದಡ ಮೈಸೂರಿನ ಚಿತ್ರದುರ್ಗ ಜಿಲ್ಲೆ, ಆಚೆ ದಡ ಮುಂಬೈ ಆಡಳಿತದ ಧಾರವಾಡ ಜಿಲ್ಲೆ. ಉತ್ತರಕ್ಕೆ ಸ್ವಲ್ಪ ಸರಿದರೆ ಹರಪನಹಳ್ಳಿ, 1953ರವರೆಗೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನೆಲ. ಮೂರು ಸರ್ಕಾರಗಳ ಕಾಗದಪತ್ರ ಕೂಡುವ ಈ ಜಾಗದಲ್ಲಿ ಹೆಣ್ಣುಹೆಸರಿನ ಕೊನೆಯೂ ಬದಲಾಗುತ್ತಿತ್ತು. ರಾಣೆಬೆನ್ನೂರಿನ ಕಡೆಯ ಮಲ್ಲವ್ವ, ಬಸವ್ವ, ಹನುಮವ್ವ ಹರಿಹರ ದಾಟಿ ದಾವಣಗೆರೆಯ ಕಡೆಗೆ ಬರುವ ಹೊತ್ತಿಗೆ ಮಲ್ಲಮ್ಮ, ಬಸಮ್ಮ, ಹನುಮಕ್ಕ ಆಗುತ್ತಿದ್ದರು. ಬೆಂಗಳೂರು–ಧಾರವಾಡದ ಹೆದ್ದಾರಿಗಾಗಿ ಹರಿಹರದ ಹೊಳೆಗೆ ಕಲ್ಲಿನ ಸೇತುವೆ ಪೂರ್ತಿಯಾದದ್ದು 1868ರಲ್ಲಿ. ಅದರ ಮೇಲೆ ಹತ್ತಿ, ಜೋಳ, ಮೆಣಸಿನಕಾಯಿಯ ಗಾಡಿಗಳ ಜೊತೆ ಮದುವೆಯ ಗಾಡಿಗಳೂ ಓಡಾಡಿದವು. ಬೀಗತನ ಹೊಳೆಗೆ ಎಂದೂ ಹೆದರಲಿಲ್ಲ. ಹಾಗಾಗಿ ಇಲ್ಲಿ ಎಷ್ಟೋ ಅಜ್ಜಿಯರಿಗೆ ಎರಡೂ ಹೆಸರು: ತವರಿನವರು ಕರೆದರೆ ಗೌರವ್ವ, ಗಂಡನ ಮನೆಯಲ್ಲಿ ಗೌರಮ್ಮ. ಪಡಿತರ ಚೀಟಿಯಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಇದ್ದು ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವ ಪಾಡಿಗೂ ಇದೇ ಮೂಲ.

ಹೆಸರು ಇಟ್ಟರೂ ಕರೆಯಲು ಬಾರದ ಕಟ್ಟುಗಳಿದ್ದವು. ತೊಟ್ಟಿಲು ಶಾಸ್ತ್ರದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುವುದು ಬಹಳ ಮನೆಗಳ ವಾಡಿಕೆ. ಆದರೆ ಕೂಸಿನ ತಾಯಿ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮಗಳನ್ನು ‘ಏ ಕೊಟ್ರಿ’ ಎಂದು ಗದರಿದರೆ ಪಡಸಾಲೆಯಲ್ಲಿ ಕೂತ ಕೊಟ್ರಮ್ಮನನ್ನೇ ಗದರಿದಂತೆ. ಅದಕ್ಕೇ ಪುಟ್ಟಮ್ಮ, ಪಾಪಮ್ಮ, ಚಿನ್ನಮ್ಮ, ಅವ್ವಿ ಎಂಬ ಅಡ್ಡಹೆಸರುಗಳು ಹುಟ್ಟಿಕೊಂಡವು. ಕೆಲವರ ಪಾಲಿಗೆ ಅಡ್ಡಹೆಸರೇ ಹೆಸರಾಗಿ, ತೊಟ್ಟಿಲಲ್ಲಿ ಇಟ್ಟದ್ದು ಮರೆತೇಹೋಯಿತು. ಗಂಡನ ಹೆಸರಂತೂ ಒಡಪಿನೊಳಗೆ ಹೆಣೆದು, ಅದೂ ಮದುವೆ ಸೀಮಂತದಂಥ ಕಾರ್ಯದಲ್ಲಿ, ನಾಚಿಕೊಂಡು ಹೇಳಬೇಕಾದದ್ದು. ಸೊಸೆಯ ಹೆಸರು ಅತ್ತೆಯ ಹೆಸರೇ ಆಗಿದ್ದರೆ ಮದುವೆಯ ದಿನವೇ ಹೊಸ ಹೆಸರು ಕೊಡುತ್ತಿದ್ದರು. ಹದಿನೈದು ಹದಿನಾರು ವರ್ಷ ಓಗೊಟ್ಟ ಹೆಸರನ್ನು ಹುಡುಗಿ ತವರಿನ ಹೊಸ್ತಿಲಲ್ಲಿ ಬಿಟ್ಟು ಬರಬೇಕಿತ್ತು. ಈ ಭಾಗವನ್ನು ಸಂಪ್ರದಾಯದ ಸೊಬಗು ಎಂದು ಹೊಗಳಲು ಆಗುವುದಿಲ್ಲ.

ಹೆಸರು ಹೇಳದಿರುವ ಈ ಕಟ್ಟು ಎಷ್ಟು ದೂರ ಹೋಗಬಹುದು ಎಂಬುದು ದೇಶಕ್ಕೆ ತಿಳಿದದ್ದು 1951–52ರ ಮೊದಲ ಮಹಾಚುನಾವಣೆಯಲ್ಲಿ. ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರು ಕೊಡದವರನ್ನು ಪಟ್ಟಿಗೆ ಸೇರಿಸಲು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಹೀಗೆ ಮತ ಕಳೆದುಕೊಂಡ ಹೆಂಗಸರು ಸುಮಾರು 28 ಲಕ್ಷ. ಹಳೆಯ ಹೆಸರೊಂದನ್ನು ಗಟ್ಟಿಯಾಗಿ ಕೂಗಿ ಕರೆಯುವುದು, ಬರೆದು ಸಹಿ ಹಾಕುವುದು ಹೆಣ್ಣಿನ ಪಾಲಿಗೆ ಸಣ್ಣ ಗಳಿಕೆಯಲ್ಲ.

ಹೊಸ ಹೆಸರುಗಳು ಬಂದ ದಾರಿಗಳಲ್ಲಿ ಒಂದು ರಂಗಭೂಮಿ. ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರಿನಲ್ಲಿ ಕೂತಿರುವವನು ಅದೇ ಕರಿಬಸವ. ಆದರೆ ಆ ಕಂಪನಿಯನ್ನು ಮನೆಮಾತಾಗಿಸಿದ ಮಗಳ ಹೆಸರು ಲೀಲಾ. 2010ರಲ್ಲಿ ತೀರಿಕೊಳ್ಳುವವರೆಗೂ ಚಿಂದೋಡಿ ಲೀಲಾ ರಂಗದ ಮೇಲೆ ಹಳ್ಳಿಯ ಹುಡುಗಿಯಾಗಿ, ಗಯ್ಯಾಳಿಯಾಗಿ ಜನರನ್ನು ಸೆಳೆದವರು, ಪದ್ಮಶ್ರೀ ಪಡೆದವರು. ಲೀಲಾ, ಸುಲೋಚನಾ, ಶಕುಂತಲಾ, ವಸಂತಾ ಮುಂತಾದ ಹೆಸರುಗಳಿಗೆ ‘ಅಮ್ಮ’ ಬೇಕಿರಲಿಲ್ಲ. ಅದೇ ಕಾಲದಲ್ಲಿ ದಾವಣಗೆರೆಯಲ್ಲಿ ಹತ್ತಿಗಿರಣಿಗಳು ಎದ್ದವು, 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಬಂತು. ಕಾರ್ಖಾನೆಯ ಸಂಬಳ, ಕ್ವಾರ್ಟರ್ಸಿನ ಬದುಕು, ಬೇರೆ ಬೇರೆ ಊರಿನ ನೆರೆಹೊರೆ, ಮಕ್ಕಳಿಗೆ ಪಟ್ಟಣದ ಶಾಲೆ. ಶಾಲೆಗೆ ಸೇರಿಸುವಾಗ ಮೇಷ್ಟರೇ ಬಸಮ್ಮನನ್ನು ಬಸವರಾಜೇಶ್ವರಿ ಮಾಡಿದ್ದುಂಟು, ದುಗ್ಗಮ್ಮನನ್ನು ದುರ್ಗಾ ಮಾಡಿದ್ದುಂಟು. ಅಕ್ಷರ ಕಲಿಸಿದವರೇ ತಿದ್ದಿದ ಹೆಸರಿಗೆ ಎದುರು ಹೇಳುವವರು ಯಾರು? 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯಲ್ಲಿ ಎದುರುಬದುರಾದ ಪ್ರಮುಖ ಅಭ್ಯರ್ಥಿಗಳಿಬ್ಬರೂ ಮಹಿಳೆಯರು, ಪ್ರಭಾ ಮಲ್ಲಿಕಾರ್ಜುನ ಮತ್ತು ಗಾಯತ್ರಿ ಸಿದ್ದೇಶ್ವರ. ಗೆದ್ದವರು ಪ್ರಭಾ. ಪ್ರಭಾ, ಗಾಯತ್ರಿ ಎಂಬ ಎರಡೂ ಹೆಸರುಗಳಲ್ಲಿ ಆ ಬದಲಾವಣೆಯ ಗುರುತಿದೆ.

ಊರ ಹೆಸರಿಗೂ ಇದೇ ಗತಿಯಾದದ್ದುಂಟು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಐತಿಹ್ಯದಲ್ಲಿ ಕೆರೆ ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ. ಆ ನೆಲದಲ್ಲಿ ನೆಲೆಸಿದ್ದ ಸೂಳೆಯರು, ಕೆರೆಗೆ ನಮ್ಮ ಹೆಸರೇ ಇರಬೇಕು ಎಂಬ ಷರತ್ತಿನ ಮೇಲೆ ಜಾಗ ಬಿಟ್ಟುಕೊಟ್ಟರಂತೆ. ಈಗ ಸರ್ಕಾರಿ ಫಲಕದಲ್ಲಿ ಅದು ಶಾಂತಿಸಾಗರ. ಷರತ್ತು ಹಾಕಿದವರ ಹೆಸರು ಫಲಕದಿಂದ ಹೋಯಿತು, ಶಾಂತವ್ವನ ‘ಅವ್ವ’ನೂ ಹೋದಳು. ಜನ ಮಾತ್ರ ಇನ್ನೂ ಸೂಳೆಕೆರೆ ಎಂದೇ ಕರೆದು ಮಾತು ಉಳಿಸಿಕೊಂಡಿದ್ದಾರೆ.

ಹಳೆಯ ಹೆಸರು ಮತ್ತೆ ಹಿತವಾಗಿ ಕೇಳಿಸತೊಡಗುವುದು ಅದನ್ನು ಹೊತ್ತವರ ಬಾಳಿನಿಂದ. ದಾವಣಗೆರೆಯ ಬೆಣ್ಣೆದೋಸೆಯ ಮೂಲ ಹುಡುಕಿ ಹೋದರೆ ಸಿಗುವವಳು ಚೆನ್ನಮ್ಮ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ಬಂದು, ಸವಳಗಿ ನಾಟಕ ಥಿಯೇಟರಿನ ಹತ್ತಿರ ರಾಗಿ ದೋಸೆ ಮಾಡಿ ಮಾರತೊಡಗಿದಾಕೆ. ಮುಂದೆ ಮಕ್ಕಳ ಕೈಯಲ್ಲಿ ಅದು ಅಕ್ಕಿ, ಮಂಡಕ್ಕಿ, ಬೆಣ್ಣೆಯ ದೋಸೆಯಾಯಿತು. ಕಿತ್ತೂರಿನಲ್ಲಿ 1824ರಲ್ಲಿ ಕಂಪನಿ ಸರ್ಕಾರದ ಮೇಲೆ ಕತ್ತಿ ಹಿರಿದವಳೂ ಚೆನ್ನಮ್ಮನೇ. ಆಕೆಯ ಹೆಸರಿನ ರೈಲು ರಾತ್ರಿ ಹೊತ್ತು ದಾವಣಗೆರೆ, ಹರಿಹರ ದಾಟಿ ಹೋಗುತ್ತದೆ. ರಾಣಿ, ದೋಸೆ ಮಾಡುವಾಕೆ ಇಬ್ಬರಿಗೂ ಒಂದೇ ಹೆಸರು ಒಪ್ಪಿತು. 1997ರ ತನಕ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಾದ್ದರಿಂದ ಒನಕೆ ಓಬವ್ವ ಇಲ್ಲಿನವರಿಗೂ ಸ್ವಂತ. ಓಬವ್ವ ಎಂಬುದು ತೀರಾ ಹಳ್ಳಿಯ ಹೆಸರು. ಈಗ ನವೆಂಬರ್ 11ಕ್ಕೆ ಸರ್ಕಾರವೇ ಆಕೆಯ ಜಯಂತಿ ಮಾಡುತ್ತದೆ.

ನಾಗಮ್ಮ ಕೇಶವಮೂರ್ತಿ ದಾವಣಗೆರೆಯಲ್ಲಿ ವನಿತಾ ಸಮಾಜ ಕಟ್ಟಿದರು, ಶಾಸಕಿಯಾದರು, ಸಚಿವೆಯಾದರು. ಎಲ್ಲಿಯೂ ನಾಗಮ್ಮನನ್ನು ನಾಗಶ್ರೀ ಮಾಡಿಕೊಳ್ಳಲಿಲ್ಲ. ಇದೇ ಊರಿನ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯಿಂದ ಸಾಯುವ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಅಧಿಕಾರದಲ್ಲಿದ್ದವರಿಗೆಲ್ಲ ಪತ್ರ ಬರೆದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸುಪ್ರೀಂ ಕೋರ್ಟಿನ 2018ರ ತೀರ್ಪನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದಾಗ ದೇಶದ ಪತ್ರಿಕೆಗಳೆಲ್ಲ ಉಕ್ಕಡಗಾತ್ರಿ ಅಜ್ಜಯ್ಯನ ಹೆಸರಿನ ಈ ಮೇಷ್ಟ್ರಮ್ಮನ ಬಗ್ಗೆ ಬರೆದವು.

ಇಂಥ ಹೆಸರನ್ನು ಬೇಕೆಂದೇ ಆರಿಸಿಕೊಂಡವರೂ ಇದ್ದಾರೆ. ಗಂಡುಹೆಸರಿನೊಂದಿಗೆ ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ, ಮನೆಯಿಂದ ಹೊರಬಿದ್ದು ಅಲೆಯುವ ಕಾಲದಲ್ಲಿ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕುಣಿಯುತ್ತಿದ್ದ ತಂದೆ–ಮಗನನ್ನು ಕಂಡರು. ಅಲ್ಲಿಂದ ಅವರಿಗೆ ಜೋಗತಿ ನೃತ್ಯ ಹತ್ತಿತು. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾಡೆಲ್ಲ ನೋಡಿತು. ಹೆಣ್ಣಾಗಿ ಬಾಳಲು ಹೊರಟ ಆ ಜೀವಕ್ಕೆ ಸಿನಿಮಾ ತಾರೆಯ ಹೆಸರು ಬೇಕಾಗಲಿಲ್ಲ. ಊರ ಹೆಂಗಸರ ಹೆಸರು, ‘ಅಮ್ಮ’ ಎಂದು ಮುಗಿಯುವ ಹೆಸರು ಬೇಕಾಯಿತು.

ಈಗ ಗಾಳಿ ಸ್ವಲ್ಪ ತಿರುಗಿದೆ. ಇಂಗ್ಲೆಂಡಿನಲ್ಲಿ ಮುತ್ತಜ್ಜಿಯರ ಕಾಲದ ಫ್ಲಾರೆನ್ಸ್, ಐವಿ, ಎಲ್ಸಿ ಮತ್ತೆ ತೊಟ್ಟಿಲಿಗೆ ಬಂದಂತೆ ಇಲ್ಲಿಯೂ ಗೌರಿ, ಗಂಗಾ, ಪಾರ್ವತಿ ಮರಳುತ್ತಿದ್ದಾರೆ. ‘ಪುಟ್ಟಗೌರಿ ಮದುವೆ’, ‘ಪಾರು’, ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಗಳು ವರ್ಷಗಟ್ಟಲೆ ಸಂಜೆಯ ಹೊತ್ತು ಈ ಹೆಸರುಗಳನ್ನು ಮನೆಯೊಳಗೆ ಕೂಗಿದ್ದೂ ಅದಕ್ಕೆ ನೆರವಾಗಿರಬೇಕು. ಸಂತೋಷದ ಸಂಗತಿಯೇ. ಆದರೆ ಮರಳಿ ಬಂದವರು ಯಾರು ಎಂದು ನೋಡಬೇಕು. ಗೌರಿ, ಪಾರ್ವತಿ ಭಾರತದಲ್ಲಿ ಎಲ್ಲಿಗೆ ಹೋದರೂ ಒಪ್ಪುವ ಹೆಸರುಗಳು, ಬರುವಾಗ ‘ಅಮ್ಮ’ನನ್ನು ಹೊರಗೇ ಬಿಟ್ಟು ಬಂದಿವೆ. ಈ ನೆಲದಲ್ಲಿ ಮಾತ್ರ ಹುಟ್ಟಬಹುದಾದ ಕೊಟ್ರಮ್ಮ, ಹಾಲಮ್ಮ, ಕರಿಬಸಮ್ಮ, ಉಚ್ಚೆಂಗೆಮ್ಮ ಇನ್ನೂ ಸರದಿಯಲ್ಲಿ ನಿಂತಿದ್ದಾರೆ. ಗಂಡುಮಕ್ಕಳ ಕಡೆ ಕೊಟ್ರೇಶ, ಹಾಲೇಶ, ಕರಿಬಸವ ಇಷ್ಟು ಬೇಗ ಸೋತಿಲ್ಲ. ಕಾಲೇಜಿಗೆ ಹೋಗುವ ಕೊಟ್ರೇಶನನ್ನು ಕಂಡು ಯಾರೂ ನಗುವುದಿಲ್ಲ, ಅವನ ತಂಗಿ ಕೊಟ್ರಮ್ಮ ಆಗಿದ್ದರೆ ನಗುತ್ತಾರೆ. ಈ ತಾರತಮ್ಯಕ್ಕೆ ಸಮರ್ಥನೆ ಹುಡುಕಿದರೂ ಸಿಗದು.

ಹಲವು ಮನೆಗಳು ನಡುದಾರಿ ಕಂಡುಕೊಂಡಿವೆ. ಸೋದರತ್ತೆ ಕಿವಿಯಲ್ಲಿ ಮೊದಲು ಅಜ್ಜಿಯ ಹೆಸರು ಹೇಳಿ, ಆಮೇಲೆ ತಂದೆತಾಯಿ ಆರಿಸಿದ್ದನ್ನು ಹೇಳುತ್ತಾಳೆ. ಪಾಲಿಕೆಯ ಜನನ ಪತ್ರಕ್ಕೆ ಹೋಗುವುದು ಎರಡನೆಯದು. ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಲು 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ತಡವಾದರೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅವಸರವಿಲ್ಲ. ಆ ಒಂದು ವರ್ಷದಲ್ಲಿ ಮನೆಯವರು ಕೂಸನ್ನು ಅಜ್ಜಿಯ ಹೆಸರಿನಿಂದಲೇ ಕರೆದು ನೋಡಲಿ. ಕೊಟ್ರಮ್ಮ ಎಂದು ಕೂಗಿದಾಗ ತೊಟ್ಟಿಲಿನ ಕೂಸು, ಪಡಸಾಲೆಯ ಅಜ್ಜಿ ಇಬ್ಬರೂ ತಿರುಗಿ ನೋಡುವ ಮನೆಗಳು ದಾವಣಗೆರೆಯಲ್ಲಿ, ಹರಿಹರದಲ್ಲಿ ಇನ್ನೂ ಇವೆ. ಅಲ್ಲಿನ ಸೊಸೆಯಂದಿರು ಈಗ ಅತ್ತೆಯ ಹೆಸರನ್ನು ಅಂಜದೆ ಹೇಳುತ್ತಾರೆ.